ಸಿಂಫನಿಯ ಕಥೆಯೂ ರನ್ನನ ಗದಾಯುದ್ಧವೂ

(ರನ್ನ ಬೆಳಗಲಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ರನ್ನನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡ ಊರಿಗೆ ಬಂದು ಬೀಥೋವನ್ ಎಂಬ ಜರ್ಮನ್ ಸಂಗೀತಗಾರನ ಮಾತೆತ್ತಿದರೆ, ‘ಹೊಳೆಯ ದಂಡೆಯಲ್ಲಿ ನಿಂತು ಪರವೂರಿನ ಬಾವಿಯ ಸುದ್ದಿ ಯಾಕೆ?’ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಇಂದಿನ ಮಾತು ಮುಗಿಯುವ ಹೊತ್ತಿಗೆ ಬಾವಿಯ ನೀರು, ಹೊಳೆಯ ನೀರು ಎರಡಕ್ಕೂ ಒಳಗೆಲ್ಲೋ ಒಂದು ಸೆಲೆಯ ಸಂಬಂಧ ಇರಬಹುದೆಂದು ನಿಮಗೆ ಅನ್ನಿಸಿದರೆ ನಾನು ಬಂದದ್ದು ಸಾರ್ಥಕ.

ನಿಮಗೆಲ್ಲ ಗೊತ್ತಿರುವ ಒಂದು ಸಂಗತಿಯಿಂದ ಆರಂಭಿಸುತ್ತೇನೆ. ಈ ಸೀಮೆಯ ಜಾತ್ರೆಗಳಲ್ಲಿ ಕರಡಿ ಮಜಲು ನುಡಿಸುತ್ತಾರೆ. ಕರಡಿ ವಾದ್ಯದ ಪೆಟ್ಟು, ಸನಾದಿಯ ಎಳೆ, ತಾಳದ ಜೊತೆ. ಅದರಲ್ಲಿ ಹಾಡಿನ ಮಾತಿಲ್ಲ, ಪಾತ್ರವಿಲ್ಲ, ಕಥೆ ಹೇಳುವವನೂ ಇಲ್ಲ. ಆದರೂ ಮೆಲ್ಲಗೆ ಆರಂಭವಾದ ನುಡಿತ ಏರುತ್ತ ಏರುತ್ತ ಹೋಗಿ ಕೊನೆಯ ಪೆಟ್ಟಿಗೆ ನಿಂತಾಗ, ನಾವು ಎಲ್ಲಿಂದಲೋ ಹೊರಟು ಎಲ್ಲಿಗೋ ಮುಟ್ಟಿದೆವು ಎಂಬ ಭಾವ ಕೇಳಿದವರಲ್ಲಿ ಉಳಿಯುತ್ತದೆ. ಏನಾಯಿತು ಎಂದು ಯಾರಾದರೂ ಕೇಳಿದರೆ ಹೇಳಲು ಬಾರದು. ಆದರೆ ಏನೋ ಆಯಿತು ಎಂಬುದು ಖಚಿತ. ಮಾತಿಲ್ಲದ ಸಂಗೀತದಲ್ಲಿ ಈ ‘ಏನೋ ಆಯಿತು’ ಎಂಬುದು ಎಲ್ಲಿಂದ ಬರುತ್ತದೆ? ಇಂದಿನ ಮಾತಿನ ಮೂಲ ಪ್ರಶ್ನೆ ಇದು.

ಸಿಂಫನಿ ಎಂದರೇನು?

ಸಿಂಫನಿ ಎಂದರೆ ಐವತ್ತು, ಅರವತ್ತು, ಕೆಲವೊಮ್ಮೆ ನೂರು ಮಂದಿ ವಾದ್ಯಗಾರರು ಕೂಡಿ ನುಡಿಸುವ ದೀರ್ಘ ರಚನೆ. ಪಿಟೀಲುಗಳ ಸಾಲು, ಕೊಳಲಿನ ಜಾತಿಯ ವಾದ್ಯಗಳು, ಕಹಳೆಗಳು, ನಗಾರಿಗಳು. ಪ್ರತಿಯೊಬ್ಬನ ಮುಂದೆಯೂ ಅವನು ನುಡಿಸಬೇಕಾದ ಸ್ವರಗಳು ಬರೆದಿಟ್ಟಿರುತ್ತವೆ. ನಮ್ಮ ಗಾಯಕರು ಹಾಡುತ್ತ ಹಾಡುತ್ತ ರಾಗವನ್ನು ಬೆಳೆಸುವಂತೆ ಅಲ್ಲಿ ಬೆಳೆಸುವಂತಿಲ್ಲ. ಬೆಳೆಸುವ ಕೆಲಸವನ್ನೆಲ್ಲ ರಚನಕಾರ ಮೊದಲೇ ಮಾಡಿ ಮುಗಿಸಿರುತ್ತಾನೆ. ಸಾಮಾನ್ಯವಾಗಿ ಒಂದು ಸಿಂಫನಿಗೆ ನಾಲ್ಕು ಭಾಗಗಳು: ಮೊದಲನೆಯದು ಚುರುಕಾದದ್ದು, ಎರಡನೆಯದು ನಿಧಾನದ್ದು, ಮೂರನೆಯದು ಕುಣಿತದ ಲಯದ್ದು, ನಾಲ್ಕನೆಯದು ಮುಕ್ತಾಯ. ಹಂತ, ತಂಗುದಾಣ ಎಂಬ ಅರ್ಥದ ‘ಮಜಲು’ ಎಂಬ ಚೆಂದದ ಮಾತು ನಮ್ಮಲ್ಲಿದೆ. ಈ ನಾಲ್ಕು ಭಾಗಗಳನ್ನು ನಾಲ್ಕು ಮಜಲುಗಳೆಂದೇ ಕರೆಯೋಣ.

ಈ ಸಂಗೀತ ಕನ್ನಡ ನಾಡಿಗೆ ತೀರ ಹೊರಗಿನದಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಸಂಗೀತದ ಆಳವಾದ ರಸಿಕರಾಗಿದ್ದರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ 1948ರಲ್ಲಿ ಮೊದಲ ಅಧ್ಯಕ್ಷರಾದವರು ಅವರು. ಅಲ್ಲಿ ನೆಲೆಸಿದ್ದ ರಷ್ಯದ ರಚನಕಾರ ಮೆಟ್ನರ್ ಮುಪ್ಪಿನಲ್ಲಿ ಕಷ್ಟಪಡುತ್ತಿದ್ದಾಗ, ಅವನ ಕೃತಿಗಳು ಧ್ವನಿಮುದ್ರಣವಾಗಲು ಹಣ ಕೊಟ್ಟವರೂ ಅವರೇ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಸಿದ್ದರ ಹಿಂದೆಯೂ ಮೈಸೂರಿನ ನೆರವು ಇತ್ತು. ಆದ್ದರಿಂದ ಬೀಥೋವನ್‌ನ ಹೆಸರು ಹೇಳಲು ಕನ್ನಡಿಗರು ಸಂಕೋಚಪಡಬೇಕಾಗಿಲ್ಲ.

ಸ್ವರವೇ, ಕಥೆಯೇ?

ಸಿಂಫನಿಯಲ್ಲಿ ಕಥೆ ಇದೆಯೇ ಎಂಬುದು ಯೂರೋಪಿನಲ್ಲೇ ಹಳೆಯ ಜಗಳ. ವಿಯೆನ್ನಾದ ವಿಮರ್ಶಕ ಎಡ್ವರ್ಡ್ ಹಾನ್ಸ್‌ಲಿಕ್ 1854ರಲ್ಲಿ ಒಂದು ಸಣ್ಣ ಪುಸ್ತಕ ಬರೆದ. ಸಂಗೀತದ ಒಳಗಿರುವುದು ಚಲಿಸುವ ನಾದರೂಪಗಳು ಮಾತ್ರ, ಕಥೆ, ನೋವು, ನಲಿವು ಇವೆಲ್ಲ ಕೇಳುವವನು ಹೊರಗಿನಿಂದ ತಂದು ಹಚ್ಚುವ ಬಣ್ಣ ಎಂಬುದು ಅವನ ವಾದ. ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಒಂದೇ ಸಂಗೀತವನ್ನು ಕೇಳಿ ಒಬ್ಬ ಯುದ್ಧವನ್ನೂ ಇನ್ನೊಬ್ಬ ಬಿರುಗಾಳಿಯನ್ನೂ ಕಾಣಬಲ್ಲ. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಪು ಕೊಡಲು ಸ್ವರಗಳಿಗೆ ಬಾಯಿಲ್ಲ.

ಇದಕ್ಕೆ ಒಂದು ಒಳ್ಳೆಯ ಉತ್ತರ ಬಂದದ್ದು ನೂರಮೂವತ್ತು ವರ್ಷಗಳ ಬಳಿಕ. ಆಂಟನಿ ನ್ಯೂಕೋಂಬ್ ಎಂಬ ಅಮೆರಿಕದ ಸಂಗೀತ ವಿದ್ವಾಂಸ 1984ರಲ್ಲಿ ಶೂಮನ್‌ನ ಎರಡನೆಯ ಸಿಂಫನಿಯ ಮೇಲೆ ಒಂದು ಲೇಖನ ಬರೆದ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಶೂಮನ್ 1845-46ರಲ್ಲಿ ರಚಿಸಿದ ಕೃತಿ ಅದು. ನ್ಯೂಕೋಂಬ್ ಹೇಳಿದ ಮಾತಿನ ಸಾರ ಇಷ್ಟು: ಸಿಂಫನಿಗೆ ನಿರ್ದಿಷ್ಟ ಕಥೆ ಇರಬೇಕಾಗಿಲ್ಲ. ಆದರೆ ಅದರ ಹಿಂದೆ ಒಂದು ‘ಕಥಾಮೂಲದ ಅಚ್ಚು’ ಇರುತ್ತದೆ. ಸಂಕಟದಿಂದ ಹೊರಟು ಗುಣವಾಗುವ ಕಡೆಗೆ ಹೋಗುವುದು ಅಂಥ ಒಂದು ಅಚ್ಚು. ಆ ಕಾಲದ ರಚನಕಾರನಿಗೂ ಕೇಳುಗನಿಗೂ ಅದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಎಲ್ಲಿ ತಿರುವು ಬರುತ್ತದೆ, ಎಲ್ಲಿ ತಡೆ ಬೀಳುತ್ತದೆ, ಎಲ್ಲಿ ಬಿಡುಗಡೆಯಾಗುತ್ತದೆ ಎಂಬುದನ್ನು ಮಾತಿಲ್ಲದೆಯೂ ಹಿಂಬಾಲಿಸುವುದು ಸಾಧ್ಯವಾಗುತ್ತಿತ್ತು.

ಇದು ನಮಗೆ ಹೊಸದಲ್ಲ. ಬಯಲಾಟಕ್ಕೆ ಹೋಗುವ ಯಾರಿಗೂ ದುರ್ಯೋಧನ ಕೊನೆಗೆ ಸಾಯುತ್ತಾನೆ ಎಂಬುದು ಗೊತ್ತಿಲ್ಲದೆ ಇರುವುದಿಲ್ಲ. ಗೊತ್ತಿದ್ದೂ ಬೆಳತನಕ ಕೂಡುತ್ತೇವೆ. ಏನಾಗುತ್ತದೆ ಎಂಬುದು ಗೊತ್ತಿರುವುದರಿಂದ, ಹೇಗಾಗುತ್ತದೆ ಎಂಬುದರ ಕಡೆಗೆ ಮನಸ್ಸು ತಿರುಗುತ್ತದೆ. ಅಚ್ಚಿನ ಪ್ರಯೋಜನ ಇದು.

ನಮ್ಮ ಅಚ್ಚು

ಯೂರೋಪಿನವರು ಕಥೆಯ ಅಚ್ಚುಗಳನ್ನು ಹಲವು ಬಗೆಯಲ್ಲಿ ಎಣಿಸಿದ್ದಾರೆ. ಕೆನಡಾದ ನಾರ್ತ್‌ರಾಪ್ ಫ್ರೈ 1957ರ ತನ್ನ ಗ್ರಂಥದಲ್ಲಿ ಕಥೆಗಳನ್ನು ನಾಲ್ಕು ಋತುಗಳಿಗೆ ಹೊಂದಿಸಿ ನಾಲ್ಕು ಬಗೆ ಮಾಡಿದ. ನಮ್ಮಲ್ಲಿ ಅದಕ್ಕಿಂತ ಬಹಳ ಹಳೆಯದಾದ, ಬಹಳ ಸೂಕ್ಷ್ಮವಾದ ಲೆಕ್ಕವಿದೆ. ಭರತನ ನಾಟ್ಯಶಾಸ್ತ್ರದಿಂದ ಬಂದ ಪಂಚಸಂಧಿಗಳು ಅವು: ಮುಖ, ಪ್ರತಿಮುಖ, ಗರ್ಭ, ಅವಮರ್ಶ, ನಿರ್ವಹಣ. ಕೃಷಿಕರ ಊರಿನಲ್ಲಿ ಇದನ್ನು ವಿವರಿಸುವುದು ಸುಲಭ, ಏಕೆಂದರೆ ಇದರ ಮೂಲ ಹೋಲಿಕೆಯೇ ಬೀಜದ್ದು. ಮುಖದಲ್ಲಿ ಬೀಜ ಬೀಳುತ್ತದೆ. ಪ್ರತಿಮುಖದಲ್ಲಿ ಮೊಳಕೆ ಕಂಡೂ ಕಾಣದಂತೆ ಇರುತ್ತದೆ. ಗರ್ಭದಲ್ಲಿ ಕಂಡದ್ದು ಕಳೆದುಹೋಗುತ್ತದೆ, ಅದನ್ನು ಮತ್ತೆ ಮತ್ತೆ ಹುಡುಕಬೇಕಾಗುತ್ತದೆ. ಫಲ ಸಿಕ್ಕೀತು ಎಂಬ ಆಸೆ ಮೂಡುವುದು ಇಲ್ಲಿ. ಅವಮರ್ಶದಲ್ಲಿ ದೊಡ್ಡ ತಡೆ. ನಿರ್ವಹಣದಲ್ಲಿ ಚೆದುರಿದ್ದೆಲ್ಲ ಒಂದುಗೂಡಿ ಫಲ ಕೈಗೆ ಬರುತ್ತದೆ.

ಈ ಲೆಕ್ಕವನ್ನು ಅಚ್ಚುಕಟ್ಟಾಗಿ ಬರೆದಿಟ್ಟವನು ‘ದಶರೂಪಕ’ದ ಧನಂಜಯ. ಅವನು ಇದ್ದದ್ದು 10ನೆಯ ಶತಮಾನದ ಮಾಳವದಲ್ಲಿ, ಪರಮಾರ ರಾಜ ಮುಂಜನ ಆಸ್ಥಾನದಲ್ಲಿ. ಅದೇ ಶತಮಾನದ ಕೊನೆಯ ವರ್ಷಗಳಲ್ಲಿ ಮುಂಜನನ್ನು ಯುದ್ಧದಲ್ಲಿ ಸೆರೆಹಿಡಿದು ಕೊಂದವನು ಚಾಲುಕ್ಯ ಚಕ್ರವರ್ತಿ ಎರಡನೆಯ ತೈಲಪ. ಆ ತೈಲಪನ ಆಸ್ಥಾನದಿಂದ ಮನ್ನಣೆ ಪಡೆದು, ಅವನ ಮಗ ಇರಿವಬೆಡಂಗ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ‘ಸಾಹಸಭೀಮವಿಜಯ’ ಬರೆದವನು ನಮ್ಮ ರನ್ನ. ಹೀಗೆ ಕಥೆಯ ಶಾಸ್ತ್ರ ಬರೆದವನು ಒಂದು ಪಾಳೆಯದಲ್ಲಿ, ಕಥೆಯನ್ನು ಕಟ್ಟಿದವನು ಅದರ ಶತ್ರು ಪಾಳೆಯದಲ್ಲಿ, ಒಂದೇ ಕಾಲದಲ್ಲಿ ಇದ್ದರು. ರಾಜರು ಕಾದಾಡಿದರು, ಕಾವ್ಯದ ಅಚ್ಚು ಮಾತ್ರ ಎರಡೂ ಕಡೆ ಒಂದೇ ಆಗಿತ್ತು.

ಐದನೆಯ ಸಿಂಫನಿ, ಐದು ಸಂಧಿ

ಈಗ ಈ ಅಚ್ಚನ್ನು ಹಿಡಿದು ಬೀಥೋವನ್‌ನ ಐದನೆಯ ಸಿಂಫನಿಯನ್ನು ಕೇಳೋಣ. ವಿಯೆನ್ನಾದ ಒಂದು ರಂಗಮಂದಿರದಲ್ಲಿ 1808ರ ಡಿಸೆಂಬರ್ 22ರ ರಾತ್ರಿ ಇದು ಮೊದಲು ಕೇಳಿಸಿತು. ಕೊರೆಯುವ ಚಳಿ, ನಾಲ್ಕು ಗಂಟೆಗಳ ಕಾರ್ಯಕ್ರಮ, ಅಂದು ಆರನೆಯ ಸಿಂಫನಿಯ ಮೊದಲ ಪ್ರದರ್ಶನವೂ ಆಯಿತು. ಬೀಥೋವನ್‌ನ ಕಿವಿ ಆಗಲೇ ಮಂದವಾಗಿತ್ತು. ಐದನೆಯ ಸಿಂಫನಿ ನುಡಿಸಲು ಬೇಕಾಗುವುದು ಸುಮಾರು ಅರ್ಧ ಗಂಟೆ.

ಹಿಂದೂಸ್ತಾನಿ ಸಂಗೀತ ಬಲ್ಲ ನಿಮಗೆ ಅದರ ಗುಟ್ಟನ್ನು ಒಂದೇ ಮಾತಿನಲ್ಲಿ ಹೇಳಬಹುದು. ಆ ಸಿಂಫನಿಯ ಆರಂಭ ಕೋಮಲ ಗಾಂಧಾರದಲ್ಲಿ, ಅಂತ್ಯ ಶುದ್ಧ ಗಾಂಧಾರದಲ್ಲಿ. ಪಾಶ್ಚಾತ್ಯರು ಮೈನರ್, ಮೇಜರ್ ಎನ್ನುವುದರ ಮುಖ್ಯ ವ್ಯತ್ಯಾಸ ಈ ಗಾಂಧಾರದಲ್ಲಿದೆ. ಮೊದಲ ನಾಲ್ಕು ಸ್ವರಗಳು ಪ ಪ ಪ ಗ. ಮೂರು ಗಿಡ್ಡ, ಒಂದು ಉದ್ದ. ಕೊನೆಯ ಆ ಗಾಂಧಾರ ಕೋಮಲ. ಕೊನೆಯ ಮಜಲು ಆರಂಭವಾಗುವುದು ಸ ಗ ಪ ಎಂದು. ಅಲ್ಲಿಯ ಗಾಂಧಾರ ಶುದ್ಧ. ಆ ಒಂದು ಸ್ವರ ತನ್ನ ಜಾಗ ಬದಲಿಸಲು ಮೂರು ಮಜಲು ಹೋರಾಡಬೇಕಾಯಿತು. ಕಥೆ ಅಷ್ಟೇ.

ಮುಖಸಂಧಿಯಲ್ಲಿ ಬೀಜ ಬೀಳುವುದು ಆ ನಾಲ್ಕು ಸ್ವರಗಳಲ್ಲಿ. ಮೊದಲ ಮಜಲಿನ ತುಂಬ ಅದೇ ಬೀಜ ಮೊಳೆಯುತ್ತದೆ. ಪಿಟೀಲಿನಲ್ಲಿ, ಕಹಳೆಯಲ್ಲಿ, ನಗಾರಿಯಲ್ಲಿ, ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ. ನಡುವೆ ಇಂಪಾದ ಇನ್ನೊಂದು ರಾಗಖಂಡ ಬಂದರೂ ಅದರ ಅಡಿಯಲ್ಲಿ ಆ ನಾಲ್ಕು ಪೆಟ್ಟು ಗುದ್ದುತ್ತಲೇ ಇರುತ್ತವೆ. ಇದು ಪ್ರತಿಮುಖ. ಮಜಲು ಮುಗಿಯುವುದು ಕೋಮಲ ಗಾಂಧಾರದ ಕತ್ತಲೆಯಲ್ಲೇ.

ಎರಡನೆಯ ಮಜಲು ಗರ್ಭಸಂಧಿ. ಶಾಂತವಾದ ನಡೆ. ಇದ್ದಕ್ಕಿದ್ದಂತೆ ಕಹಳೆಗಳು ಎದ್ದು ಶುದ್ಧ ಗಾಂಧಾರದ ಬೆಳಕನ್ನು ತೋರಿಸುತ್ತವೆ. ಗೆಲುವು ಬಂದೇಬಿಟ್ಟಿತು ಎನ್ನುವಷ್ಟರಲ್ಲಿ ಅದು ಮಂಜಿನಲ್ಲಿ ಕರಗುತ್ತದೆ. ಮತ್ತೆ ಬರುತ್ತದೆ, ಮತ್ತೆ ಕರಗುತ್ತದೆ. ಕಂಡದ್ದು ಕಳೆಯುವುದು, ಕಳೆದದ್ದನ್ನು ಮತ್ತೆ ಹುಡುಕುವುದು ಎಂದು ಧನಂಜಯ ಗರ್ಭಸಂಧಿಯನ್ನು ವರ್ಣಿಸುತ್ತಾನಲ್ಲ, ಅವನು ಈ ಸಂಗೀತವನ್ನೇ ಕೇಳಿ ಬರೆದನೇನೋ ಎನ್ನಿಸುತ್ತದೆ.

ಮೂರನೆಯ ಮಜಲು ಅವಮರ್ಶ. ಕತ್ತಲೆಯಲ್ಲಿ ತಡವರಿಸಿದಂಥ ನಡೆ. ಬೀಜದ ಲಯ ಇಲ್ಲಿ ಕಹಳೆಯ ಬಾಯಲ್ಲಿ ಒರಟಾಗಿ ಮರಳುತ್ತದೆ. ಕೊನೆಗೆ ಎಲ್ಲ ಸದ್ದಡಗಿ, ತಂತಿವಾದ್ಯಗಳು ಸ್ವರವನ್ನು ಎಳೆದು ಹಿಡಿದು ಉಸಿರು ಬಿಗಿಹಿಡಿಯುತ್ತವೆ, ನಗಾರಿ ಮೆಲ್ಲಗೆ ಎದೆಬಡಿತದಂತೆ ಮಿಡಿಯುತ್ತದೆ. ನಿಲ್ಲದೆಯೇ ಆ ಮಿಡಿತ ಉಬ್ಬಿ ನಾಲ್ಕನೆಯ ಮಜಲಿಗೆ ಒಡೆದು ಹರಿಯುತ್ತದೆ. ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದ ಟ್ರಾಂಬೋನ್ ಎಂಬ ಭಾರಿ ಕಹಳೆಗಳು ಆಗಲೇ ಮೊದಲು ಬಾಯಿ ತೆರೆಯುತ್ತವೆ. ಇದು ನಿರ್ವಹಣ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಗೆಲುವಿನ ಆ ಮಜಲಿನ ನಡುವೆ ಬೀಥೋವನ್ ಸಂಭ್ರಮವನ್ನು ತಟ್ಟನೆ ನಿಲ್ಲಿಸಿ, ಮೂರನೆಯ ಮಜಲಿನ ಕತ್ತಲೆಯ ನಡೆಯನ್ನು ಮೆಲುದನಿಯಲ್ಲಿ ಮತ್ತೆ ಕೇಳಿಸುತ್ತಾನೆ. ಮುಗಿದದ್ದು ಮುಗಿದಿಲ್ಲ ಎಂಬಂತೆ. ಆಮೇಲೆ ಮತ್ತೆ ಬೆಳಕು. ಸಿಂಹ ನಡೆಯುತ್ತ ನಡೆಯುತ್ತ ಹಿಂದಿರುಗಿ ನೋಡುವ ಈ ಬಗೆಗೆ ಕನ್ನಡದಲ್ಲಿ ಒಂದು ಹೆಸರಿದೆ. ಆ ಹೆಸರು ಹೇಳಿದ ಕೂಡಲೇ ನಾವು ರನ್ನನ ಅಂಗಳಕ್ಕೆ ಬಂದೆವು.

ಹಿಂದಿರುಗಿ ನೋಡುವ ಕಾವ್ಯ

ರನ್ನ ಕ್ರಿ.ಶ. 949ರಲ್ಲಿ ಹುಟ್ಟಿದವನು. ಬೆಳುಗಲಿ-500 ಎಂಬ ನಾಡು, ಅದರೊಳಗೆ ಜಂಬುಖಂಡಿ-70, ಅಲ್ಲಿಯ ಮುದುವೊಳಲು ತನ್ನ ಊರೆಂದು ಅವನೇ ಹೇಳಿಕೊಂಡಿದ್ದಾನೆ. ಸಾವಿರ ವರ್ಷಗಳ ಬಳಿಕವೂ ಬೆಳಗಲಿ, ಜಮಖಂಡಿ, ಮುಧೋಳ ಎಂಬ ಮೂರು ಹೆಸರುಗಳೂ ಬಸ್ಸಿನ ಬೋರ್ಡಿನ ಮೇಲೆ ಉಳಿದಿವೆ. ಬಳೆಗಾರರ ಮನೆಯ ಹುಡುಗ, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಓದುವ ಹಂಬಲದಿಂದ ದಕ್ಷಿಣಕ್ಕೆ ಹೋಗಿ ಚಾವುಂಡರಾಯನ ಆಶ್ರಯದಲ್ಲಿ ಅಜಿತಸೇನಾಚಾರ್ಯರ ಶಿಷ್ಯನಾದ. ಅತ್ತಿಮಬ್ಬೆಯ ನೆರವಿನಿಂದ 993ರಲ್ಲಿ ‘ಅಜಿತಪುರಾಣ’ ಮುಗಿಸಿದ. ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟು ಆಶ್ರಯ ಕೊಟ್ಟವರ ಋಣವನ್ನು ನೆನೆದ.

‘ಗದಾಯುದ್ಧ’ ಹತ್ತು ಆಶ್ವಾಸಗಳ ಚಂಪೂಕಾವ್ಯ. ಪಂಪ ಹದಿನಾಲ್ಕು ಆಶ್ವಾಸಗಳಲ್ಲಿ ಹೇಳಿದ ಭಾರತದ ಕೊನೆಯ ಒಂದು ತುಣುಕನ್ನು ರನ್ನ ಎತ್ತಿಕೊಂಡ. ಯುದ್ಧದ ಕೊನೆಯ ದಿನ ಮಾತ್ರ ಅವನ ಮುಂದಿದೆ. ಆದರೆ ಆ ಒಂದು ದಿನದೊಳಗೆ, ಪಾತ್ರಗಳು ನೆನೆಯುವ, ಬೈಯುವ, ಅಳುವ ಮಾತುಗಳಲ್ಲಿ ಇಡೀ ಭಾರತ ಹಿಂದಿರುಗಿ ಬರುತ್ತದೆ. ಇದೇ ಸಿಂಹಾವಲೋಕನ ಕ್ರಮ. ಐದನೆಯ ಸಿಂಫನಿಯ ಕೊನೆಯ ಮಜಲಿನಲ್ಲಿ ಒಂದು ಗಳಿಗೆ ಬಂದುಹೋಗುವ ನೆನಪು ರನ್ನನಲ್ಲಿ ಕಾವ್ಯದ ಕಟ್ಟಡವೇ ಆಗಿದೆ.

ಈಗ ಐದು ಸಂಧಿಗಳನ್ನು ಈ ಕಾವ್ಯಕ್ಕೆ ಹಿಡಿದು ನೋಡೋಣ. ಭೀಮನ ಕಡೆಯಿಂದ ನೋಡಿದರೆ ಲೆಕ್ಕ ಸರಿಯಾಗಿ ಕೂಡುತ್ತದೆ. ದ್ರೌಪದಿಯ ಬಿಚ್ಚಿದ ಮುಡಿ, ತೊಡೆ ಮುರಿಯುವ ಪ್ರತಿಜ್ಞೆ, ಇದು ಬೀಜ. ದುರ್ಯೋಧನನೊಬ್ಬನೇ ಉಳಿದದ್ದು ಫಲದ ಆಸೆ. ಅವನು ವೈಶಂಪಾಯನ ಸರೋವರದಲ್ಲಿ ಅಡಗಿದ್ದು ಅವಮರ್ಶ, ಏಕೆಂದರೆ ಅವನು ಸಿಕ್ಕದಿದ್ದರೆ ಪ್ರತಿಜ್ಞೆ ನೀರುಪಾಲು. ಅವನನ್ನು ಹೊರಗೆಳೆದು ತೊಡೆ ಮುರಿದು, ಮುಡಿ ಕಟ್ಟಿಸಿ, ಭೀಮನಿಗೆ ಪಟ್ಟವಾಗುವುದು ನಿರ್ವಹಣ. ರನ್ನನಲ್ಲಿ ಸಿಂಹಾಸನ ಸಿಕ್ಕುವುದು ಧರ್ಮರಾಯನಿಗಲ್ಲ, ಭೀಮನಿಗೆ. ಆ ಭೀಮ ಸತ್ಯಾಶ್ರಯನೂ ಹೌದು. ಕೋಮಲ ಗಾಂಧಾರದಿಂದ ಶುದ್ಧ ಗಾಂಧಾರಕ್ಕೆ ಹೋಗುವ ಅದೇ ಅಚ್ಚು.

ಆದರೆ ಗದಾಯುದ್ಧವನ್ನು ಓದಿದವರು ಪುಸ್ತಕ ಮುಚ್ಚಿದ ಮೇಲೆ ಏನನ್ನು ನೆನೆಯುತ್ತಾರೆ? ಪಟ್ಟಾಭಿಷೇಕವನ್ನಲ್ಲ. ಸಂಜಯನ ಕೈಹಿಡಿದು ಹೆಣಗಳ ನಡುವೆ ಕಾಲೆಳೆಯುತ್ತ ಹೋಗುವ ಒಬ್ಬ ದೊರೆಯನ್ನು. ಅವನು ಗುರು ದ್ರೋಣನ ಹೆಣ ನೋಡುತ್ತಾನೆ, ಮಗ ಲಕ್ಷಣಕುಮಾರನ ಹೆಣ ನೋಡುತ್ತಾನೆ, ತಮ್ಮ ದುಶ್ಶಾಸನನ ಹೆಣ ನೋಡುತ್ತಾನೆ, ಗೆಳೆಯ ಕರ್ಣನ ಹೆಣದ ಮುಂದೆ ನಿಲ್ಲುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣ ಕಂಡು, ಇಂಥ ಸಾವು ತನಗೂ ಬರಲಿ ಎಂದು ಮೆಚ್ಚುತ್ತಾನೆ. ಆ ಹೊತ್ತಿಗೆ ಅವನ ವೈರಿಯೂ ಅವನನ್ನು ದ್ವೇಷಿಸಲಾರ.

ದುರ್ಯೋಧನನ ಕಡೆಯಿಂದ ಅದೇ ಐದು ಸಂಧಿಗಳು ತಲೆಕೆಳಗಾಗುತ್ತವೆ. ಅವನಿಗೆ ಬಾಗಿಲು ಮತ್ತೆ ಮತ್ತೆ ತೆರೆಯುತ್ತದೆ. ತಂದೆತಾಯಿ ಬಂದು ಸಂಧಿ ಮಾಡಿಕೋ ಎನ್ನುತ್ತಾರೆ. ಶರಶಯ್ಯೆಯ ಮೇಲಿನ ಭೀಷ್ಮನೂ ಅದನ್ನೇ ಹೇಳುತ್ತಾನೆ. ಅವನು ಪ್ರತಿ ಸಲವೂ ಬಾಗಿಲನ್ನು ತಾನೇ ಮುಚ್ಚುತ್ತಾನೆ. ಕರ್ಣನನ್ನೂ ದುಶ್ಶಾಸನನನ್ನೂ ಕಳೆದುಕೊಂಡ ಮೇಲೆ ನೆಲ ಯಾರಿಗೆ ಬೇಕು ಎಂಬುದು ಅವನ ನಿಲುವು. ಇದು ಛಲವೂ ಹೌದು, ಸ್ನೇಹವೂ ಹೌದು. ಕೊನೆಗೆ ಭೀಷ್ಮನ ಮಾತಿಗೆ ಒಪ್ಪಿ, ಒಂದು ದಿನ ಕಳೆಯಲೆಂದು ಕೊಳದೊಳಗೆ ಇಳಿದಾಗ ಅವನಿಗೆ ನಾಚಿಕೆ. ಭೀಮನ ಗರ್ಜನೆ ಕೇಳಿ ತಣ್ಣೀರಿನೊಳಗಿದ್ದೂ ಅವನ ಮೈ ಬೆವರಿತು ಎಂದು ರನ್ನ ಹೇಳುವುದು ಕನ್ನಡಿಗರಿಗೆಲ್ಲ ಗೊತ್ತಿರುವ ಚಿತ್ರ. ಅದು ಹೆದರಿಕೆಯ ಬೆವರಲ್ಲ, ಸಿಟ್ಟಿನ ಬೆವರು. ಫಲವನ್ನು ಮುಟ್ಟುವ ಕಥೆ ಭೀಮನದು. ಒಂದೊಂದೇ ಮಜಲು ದಾಟುತ್ತ ಎಲ್ಲವನ್ನೂ ಕಳಚಿಕೊಳ್ಳುವ ಕಥೆ ದುರ್ಯೋಧನನದು. ರನ್ನ ಒಂದೇ ಕಾವ್ಯದಲ್ಲಿ ಎರಡನ್ನೂ ಒಟ್ಟಿಗೆ ನುಡಿಸಿದ್ದಾನೆ.

ಶಾಸ್ತ್ರದ ಕಣ್ಣಿನಿಂದ ನೋಡಿದರೆ ಇದರಲ್ಲಿ ಒಂದು ಜಾಣ್ಮೆ ಇದೆ. ನಾಟಕದಲ್ಲಿ ಮುಖ್ಯ ನಾಯಕನ ವಧೆಯನ್ನು ತೋರಿಸಬಾರದು ಎಂದು ದಶರೂಪಕ ವಿಧಿಸುತ್ತದೆ. ರನ್ನನದು ಕಾವ್ಯ, ನಾಟಕವಲ್ಲ, ನಿಜ. ಆದರೂ ಅದರ ನಡೆಯೆಲ್ಲ ನಾಟಕದ್ದು. ಭೀಮನನ್ನು ನಾಯಕನನ್ನಾಗಿ ಇಟ್ಟದ್ದರಿಂದ ಸಂಪ್ರದಾಯಕ್ಕೂ ಲೋಪವಾಗಲಿಲ್ಲ, ಅರಸನಿಗೂ ತೃಪ್ತಿಯಾಯಿತು. ಆ ನೆರಳಿನಲ್ಲಿ ಪ್ರತಿನಾಯಕನ ಸಾವನ್ನು ಮನಸಾರೆ ಅತ್ತು ಬರೆಯಲು ಕವಿಗೆ ಎಡೆ ಸಿಕ್ಕಿತು. ಇದು ನನ್ನ ಊಹೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಬಿ.ಎಂ. ಶ್ರೀಕಂಠಯ್ಯನವರು ರನ್ನನ ಪದ್ಯಗಳನ್ನೇ ಆಯ್ದು 1926ರಲ್ಲಿ ‘ಗದಾಯುದ್ಧ ನಾಟಕ’ ಕಟ್ಟಿದಾಗ ಗ್ರೀಕರ ರುದ್ರನಾಟಕದ ಅಚ್ಚು ಅವರ ಕಣ್ಣಮುಂದಿತ್ತು. ದುರ್ಯೋಧನನೇ ನಾಯಕನೋ, ಭೀಮನೋ ಎಂಬ ಚರ್ಚೆ ಅಂದಿನಿಂದ ಕನ್ನಡದಲ್ಲಿ ನಡೆದೇ ಇದೆ.

ಗೆಲುವಿನ ಒಳಗಿನ ಅಳು

ಇಂಥದೇ ಒಂದು ಚರ್ಚೆ ಸಿಂಫನಿಯ ಲೋಕದಲ್ಲೂ ಇದೆ. ಅದಕ್ಕೆ ಲೆನಿನ್‌ಗ್ರಾಡಿಗೆ ಹೋಗಬೇಕು. ಷಾಸ್ಟಕೋವಿಚ್ ಎಂಬ ಯುವ ರಚನಕಾರನ ಒಂದು ಗೀತನಾಟಕವನ್ನು 1936ರಲ್ಲಿ ಸೋವಿಯತ್ ಪಕ್ಷದ ಪತ್ರಿಕೆ ‘ಪ್ರಾವ್ದಾ’ ಕಟುವಾಗಿ ಖಂಡಿಸಿತು. ಅದು ಸ್ಟಾಲಿನ್ ಕಾಲ. ಅಂಥ ಖಂಡನೆಯ ಅರ್ಥ ಎಲ್ಲರಿಗೂ ಗೊತ್ತಿತ್ತು. ಮರುವರ್ಷ, 1937ರ ನವೆಂಬರ್ 21ರಂದು, ಅವನ ಐದನೆಯ ಸಿಂಫನಿ ನುಡಿಯಿತು. ಅದರ ಅಚ್ಚು ಬೀಥೋವನ್‌ನದೇ: ಕತ್ತಲೆಯಿಂದ ಬೆಳಕಿಗೆ, ಕೋಮಲ ಗಾಂಧಾರದಿಂದ ಶುದ್ಧ ಗಾಂಧಾರಕ್ಕೆ, ಕೊನೆಯಲ್ಲಿ ನಗಾರಿಗಳ ಗೆಲುವು. ಅಧಿಕಾರಿಗಳು ಮೆಚ್ಚಿದರು. ಆದರೆ ನಿಧಾನದ ಮೂರನೆಯ ಮಜಲಿನಲ್ಲಿ ಸಭೆಯ ಜನ ಅತ್ತರೆಂದು ಅಂದು ಅಲ್ಲಿದ್ದವರು ಬರೆದಿದ್ದಾರೆ. ಕೊನೆಯ ಸಂಭ್ರಮ ನಿಜವೋ, ಬಲವಂತದ್ದೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಅದು ಬೆದರಿಕೆಯ ಸಂಭ್ರಮ ಎಂದು ರಚನಕಾರನೇ ಹೇಳಿದಂತೆ 1979ರಲ್ಲಿ ಒಂದು ಪುಸ್ತಕ ಬಂತು. ಆ ಪುಸ್ತಕ ಎಷ್ಟು ನಂಬಲರ್ಹ ಎಂಬುದೇ ಇನ್ನೊಂದು ವಾದ.

ರನ್ನನಿಗೆ ಅಂಥ ಭಯ ಇರಲಿಲ್ಲ. ಅವನು ಕವಿಚಕ್ರವರ್ತಿ ಎಂಬ ಬಿರುದು ಪಡೆದವನು, ಸತ್ಯಾಶ್ರಯನನ್ನು ಮನಸಾರೆ ಹೊಗಳಿದವನು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಆದರೂ ಒಂದು ಸಂಗತಿ ಎರಡು ಕಡೆಯೂ ನಿಜ. ಕೊನೆಯಲ್ಲಿ ಗೆಲುವು ಬರಲೇಬೇಕು ಎಂಬ ಅಚ್ಚು ಮೊದಲೇ ನಿಗದಿಯಾಗಿತ್ತು. ಅಚ್ಚನ್ನು ಮುರಿಯದೆ, ಅದರ ನಡುವಿನ ಮಜಲಿನಲ್ಲಿ ಸೋತವರ ದುಃಖಕ್ಕೆ ಅವರು ಜಾಗ ಮಾಡಿಕೊಟ್ಟರು. ಕೇಳುವವರು ಆ ಜಾಗವನ್ನೇ ಹುಡುಕಿ ಹೋದರು.

ಇನ್ನು ಅಚ್ಚನ್ನೇ ತಿರುಗಿಸಿ ಇಟ್ಟವರೂ ಇದ್ದಾರೆ. ಚೈಕೋವ್‌ಸ್ಕಿಯ ಆರನೆಯ ಸಿಂಫನಿ 1893ರಲ್ಲಿ ಅವನು ಸಾಯುವುದಕ್ಕೆ ಒಂಬತ್ತು ದಿನ ಮೊದಲು ನುಡಿಯಿತು. ಅದರ ಗೆಲುವಿನ ನಡೆ ಮೂರನೆಯ ಮಜಲಿನಲ್ಲೇ ಬಂದುಹೋಗುತ್ತದೆ. ಕಥೆ ಮುಗಿಯಿತೆಂದು ಜನ ಇಂದಿಗೂ ಅಲ್ಲಿ ಚಪ್ಪಾಳೆ ತಟ್ಟಿಬಿಡುತ್ತಾರೆ. ನಿಜವಾದ ಕೊನೆಯ ಮಜಲು ನಿಧಾನವಾಗಿ, ಮೆಲ್ಲಮೆಲ್ಲಗೆ, ಸದ್ದಡಗಿ ಆರಿಹೋಗುತ್ತದೆ. ಆ ತಪ್ಪು ಚಪ್ಪಾಳೆಯೇ ಸಾಕ್ಷಿ: ಅಚ್ಚು ಕೇಳುವವರ ಕೈಯಲ್ಲೂ ಇರುತ್ತದೆ.

ಅಚ್ಚಿನ ಅಪಾಯ

ಹಾಗೆಂದು ಎಲ್ಲದಕ್ಕೂ ಕಥೆ ಹಚ್ಚುತ್ತ ಹೋದರೆ ಮೋಸಹೋಗುತ್ತೇವೆ. ಬೀಥೋವನ್‌ನ ಆ ನಾಲ್ಕು ಸ್ವರಗಳು ‘ವಿಧಿ ಬಾಗಿಲು ಬಡಿಯುವ ಸದ್ದು’ ಎಂದು ನೀವು ಓದಿರಬಹುದು. ಹಾಗೆಂದು ಬೀಥೋವನ್ ತನಗೆ ಹೇಳಿದನೆಂದು ಬರೆದವನು ಅವನ ಸಹಾಯಕ ಷಿಂಡ್ಲರ್. ಅವನು ಹಲವು ಸಂಗತಿಗಳನ್ನು ತಾನೇ ಕಟ್ಟಿ ಸೇರಿಸಿದ್ದು ಈಗ ಬಯಲಾಗಿದೆ. ಅವನ ಮಾತನ್ನು ವಿದ್ವಾಂಸರು ನಂಬುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅದೇ ನಾಲ್ಕು ಸ್ವರಗಳಿಗೆ ಇನ್ನೊಂದು ಕಥೆ ಬಂತು. ತಂತಿ ಸಂದೇಶದ ಸಂಕೇತದಲ್ಲಿ ಮೂರು ಗಿಡ್ಡ, ಒಂದು ಉದ್ದ ಎಂದರೆ ‘ವಿ’ ಅಕ್ಷರ; ವಿಜಯ ಎಂಬುದರ ಇಂಗ್ಲಿಷ್ ಮಾತಿನ ಮೊದಲಕ್ಷರ ಅದು. ಬಿಬಿಸಿ 1941ರಲ್ಲಿ ಜರ್ಮನಿಯ ವಿರುದ್ಧದ ಪ್ರಚಾರಕ್ಕೆ ಜರ್ಮನ್ ರಚನಕಾರನ ಸ್ವರಗಳನ್ನೇ ಬಳಸಿತು. ಇವು ಸ್ವರದೊಳಗಿದ್ದ ಕಥೆಗಳಲ್ಲ, ಸ್ವರಕ್ಕೆ ಕಾಲ ತೊಡಿಸಿದ ಅಂಗಿಗಳು. ಇಲ್ಲಿ ಹಾನ್ಸ್‌ಲಿಕ್ ಹೇಳಿದ್ದು ಸರಿ.

ಹಾಗಾದರೆ ಯಾವ ಕಥೆಯನ್ನು ನಂಬಬೇಕು? ನಾನು ಇಟ್ಟುಕೊಂಡಿರುವ ಒರೆಗಲ್ಲು ಸರಳವಾದದ್ದು. ಕಥೆ ಕೃತಿಯ ವಿವರವನ್ನು ಹೆಚ್ಚು ಕೇಳಿಸುತ್ತಿದ್ದರೆ ಇಟ್ಟುಕೊಳ್ಳಬೇಕು, ಕಿವಿ ಮುಚ್ಚಿಸುತ್ತಿದ್ದರೆ ಬಿಡಬೇಕು. ‘ವಿಧಿಯ ಬಾಗಿಲು’ ಎಂದರೆ ನಾಲ್ಕು ಸ್ವರ ಕೇಳಿ ಸುಮ್ಮನಾಗುತ್ತೇವೆ. ‘ಕಂಡು ಕಳೆದ ಬೀಜ’ ಎಂದರೆ ಎರಡನೆಯ ಮಜಲಿನ ಕಹಳೆ ಯಾಕೆ ಮಂಜಾಯಿತು ಎಂದು ಕಿವಿ ನಿಮಿರುತ್ತದೆ. ಹಾಗೆಯೇ ಗದಾಯುದ್ಧ ‘ಒಳ್ಳೆಯವರ ಗೆಲುವು’ ಎಂದರೆ ಅರ್ಧ ಕಾವ್ಯ ಕಣ್ಣಿಗೆ ಬೀಳುವುದಿಲ್ಲ. ‘ದುರ್ಯೋಧನನ ದುರಂತ’ ಎಂದಷ್ಟೇ ಹೇಳಿದರೆ ದ್ರೌಪದಿಯ ಹದಿಮೂರು ವರ್ಷಗಳ ಅವಮಾನವನ್ನು ಮರೆತಂತಾಗುತ್ತದೆ. ಬಿಚ್ಚಿದ ಆ ಮುಡಿಯ ಲೆಕ್ಕ ತೀರಲೇಬೇಕಾಗಿತ್ತು. ಅದು ತೀರುವ ಹೊತ್ತಿಗೆ ನಮಗೆ ಅಳು ಬರುವಂತೆ ಮಾಡಿದ್ದು ರನ್ನನ ದೊಡ್ಡತನ. ಎರಡರಲ್ಲಿ ಒಂದನ್ನು ಬಿಟ್ಟರೆ ಕಾವ್ಯ ಕುಂಟುತ್ತದೆ.

ಕೊಳದ ದಂಡೆಯಲ್ಲಿ

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ಇಂದು ನಾನು ಸಿಂಫನಿ ಎಂದಾಗ ನಿಮ್ಮಲ್ಲಿ ಹಲವರ ಮುಖದ ಮೇಲೆ, ಇದು ನಮಗೆ ಸಂಬಂಧವಿಲ್ಲದ್ದು ಎಂಬ ಭಾವ ಕಂಡೆ. ತಪ್ಪಲ್ಲ. ಆದರೆ ಹಳಗನ್ನಡ ಎಂದಾಗಲೂ ಅದೇ ಭಾವ ನಿಮ್ಮಲ್ಲಿ ಮೂಡುತ್ತದಲ್ಲ, ಅದು ನನ್ನನ್ನು ಚಿಂತೆಗೀಡುಮಾಡಿದೆ. ಇದೇ ಮಣ್ಣಿನ ಬಳೆಗಾರರ ಮನೆಯ ಹುಡುಗ ಬರೆದದ್ದು, ಇದೇ ಮಣ್ಣಿನ ಹುಡುಗ ಹುಡುಗಿಯರಿಗೆ ವಿಯೆನ್ನಾದ ಸಂಗೀತದಷ್ಟೇ ದೂರವಾಗಿದೆ. ಪಠ್ಯದಲ್ಲಿ ನಾಲ್ಕು ಪದ್ಯ, ಅದಕ್ಕೆ ನಾಲ್ಕು ಅಂಕ, ಪರೀಕ್ಷೆ ಮುಗಿದರೆ ಮರೆವು. ಊರಿನ ಹೆಸರಿನಲ್ಲಿ ಮಾತ್ರ ರನ್ನ ಉಳಿದು, ಊರವರ ಬಾಯಲ್ಲಿ ಉಳಿಯದಿದ್ದರೆ ಆ ಹೆಸರು ಬರಿಯ ಬೋರ್ಡು.

ಅಪರಿಚಿತವಾದದ್ದರ ಒಳಗೆ ಹೋಗಲು ಒಂದು ದಾರಿ ಇದೆ ಎಂದು ತೋರಿಸಲಿಕ್ಕೇ ಇಷ್ಟು ಸುತ್ತಿ ಬಂದೆ. ಮೊದಲು ಕಥೆಯ ಅಚ್ಚು ಹಿಡಿಯಿರಿ: ಒಬ್ಬ ಗೆಲ್ಲುತ್ತಾನೆ, ಒಬ್ಬ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಅಷ್ಟು ಗೊತ್ತಿದ್ದರೆ ಸಾಕು. ಆಮೇಲೆ ಶಬ್ದದ ಅರ್ಥ ತಿಳಿಯದಿದ್ದರೂ ಪದ್ಯವನ್ನು ಗಟ್ಟಿಯಾಗಿ ಓದಿ, ಅಥವಾ ಓದಬಲ್ಲ ಹಿರಿಯರಿ‌ಂದ ಓದಿಸಿ ಕೇಳಿ. ಭೀಮ ಕೊಳದ ದಂಡೆಯಲ್ಲಿ ನಿಂತು ಗರ್ಜಿಸುವ ಪದ್ಯಗಳಲ್ಲಿ ಒತ್ತಕ್ಷರಗಳು ಗದೆಯಂತೆ ಬೀಳುತ್ತವೆ. ಕರ್ಣನ ಹೆಣದ ಮುಂದಿನ ಪದ್ಯಗಳಲ್ಲಿ ಸಾಲು ಉದ್ದವಾಗಿ ಉಸಿರೆಳೆಯುತ್ತದೆ. ಅರ್ಥಕ್ಕಿಂತ ಮೊದಲು ಅದು ಕಿವಿಗೆ ಬರುತ್ತದೆ, ಕರಡಿ ಮಜಲು ಬರುವ ಹಾಗೆಯೇ. ಅರ್ಥ ಆಮೇಲೆ ಬರಲಿ. ಅದಕ್ಕೆ ಟಿಪ್ಪಣಿ ಪುಸ್ತಕಗಳಿವೆ, ಮೇಷ್ಟರಿದ್ದಾರೆ.

ಬೀಥೋವನ್‌ನನ್ನು ಕೇಳದಿದ್ದರೂ ಬೆಳಗಲಿಗೆ ನಷ್ಟವೇನಿಲ್ಲ, ಕೇಳಿದರೆ ಲಾಭವುಂಟು. ರನ್ನನನ್ನು ಕೇಳದಿದ್ದರೆ ನಷ್ಟವುಂಟು. ಇಂದು ಮನೆಗೆ ಹೋಗಿ ಗದಾಯುದ್ಧದ ಒಂದೇ ಒಂದು ಪದ್ಯವನ್ನು ಗಟ್ಟಿಯಾಗಿ ಓದಿ ನೋಡಿ.